ಒಂದು ಗಂಟೆಯಲ್ಲಿ ಎಂಟು ಸಲ

ಹ್ಯಾಮ್ ರೇಡಿಯೊ ಸ್ಪರ್ಧೆಗಳ ನಿಯಮಾವಳಿಯಲ್ಲಿ ಹೊಸಬರನ್ನೂ ಹಳಬರನ್ನೂ ಒಂದೇ ಸಮ ಕಾಡುವ ಸಾಲೊಂದಿದೆ. ಎರಡು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ತಂಡವಾಗಿ ಆಡುವವರು ಒಂದೊಂದು ಟ್ರಾನ್ಸ್‌ಮಿಟರ್‌ನಲ್ಲೂ ಗಡಿಯಾರದ ಒಂದು ಗಂಟೆಯೊಳಗೆ ಹೆಚ್ಚೆಂದರೆ ಎಂಟು ಸಲ ಬ್ಯಾಂಡ್ ಬದಲಿಸಬಹುದು. ‘ಸಿಕ್ಯೂ ವರ್ಲ್ಡ್ ವೈಡ್’ ಎಂಬ ಜಾಗತಿಕ ಸ್ಪರ್ಧೆಯ ನಿಯಮವಿದು. ಓದುವಾಗ ಇದರಲ್ಲಿ ತೊಡಕೇನೂ ಕಾಣುವುದಿಲ್ಲ. ರಿಗ್, ಅಂದರೆ ರೇಡಿಯೊ ಸೆಟ್, ಮುಂದೆ ಕುಳಿತ ಮೇಲೆ ಪ್ರಶ್ನೆಗಳು ಏಳುತ್ತವೆ. ಇನ್ನೊಂದು ಬ್ಯಾಂಡಿಗೆ ಹೋಗಿ ಮರಳಿ ಬಂದರೆ ಅದು ಒಂದು ಬದಲಾವಣೆಯೋ ಎರಡೋ? ಗಂಟೆ ಶುರುವಾಗುವುದು ಯಾವಾಗ? ಬರಿದೇ ಕಿವಿಗೊಟ್ಟು ಬಂದದ್ದಕ್ಕೂ ಲೆಕ್ಕವಿದೆಯೇ? ಕೂಗಿದರೂ ಯಾರೂ ಓಗೊಡದಿದ್ದರೆ?

ಸ್ಪರ್ಧೆಯ ಸ್ವರೂಪ ಗೊತ್ತಾದರೆ ಈ ಪ್ರಶ್ನೆಗಳ ತೂಕವೂ ಗೊತ್ತಾಗುತ್ತದೆ. ಮಾತಿನ ಸ್ಪರ್ಧೆ ಅಕ್ಟೋಬರ್ ತಿಂಗಳ ಕೊನೆಯ ಪೂರ್ಣ ವಾರಾಂತ್ಯದಲ್ಲಿ, ಮೋರ್ಸ್ ಸ್ಪರ್ಧೆ ನವೆಂಬರ್ ಕೊನೆಯ ಪೂರ್ಣ ವಾರಾಂತ್ಯದಲ್ಲಿ ನಡೆಯುತ್ತದೆ. ಅವಧಿ 48 ಗಂಟೆ. 1.8, 3.5, 7, 14, 21 ಮತ್ತು 28 ಮೆಗಾಹರ್ಟ್ಸ್ ಸುತ್ತಲಿನ ಆರು ಬ್ಯಾಂಡುಗಳಲ್ಲಿ ಸಾಧ್ಯವಾದಷ್ಟು ಜನರನ್ನು, ದೇಶಗಳನ್ನು, ವಲಯಗಳನ್ನು ಸಂಪರ್ಕಿಸಬೇಕು. ಇಡೀ ಭೂಮಿಯನ್ನು 40 ವಲಯಗಳಾಗಿ ಹಂಚಲಾಗಿದೆ. ಬೇರೆ ಖಂಡದವರು ಸಿಕ್ಕರೆ ಮೂರು ಅಂಕ, ಅದೇ ಖಂಡದ ಬೇರೆ ದೇಶದವರು ಸಿಕ್ಕರೆ ಒಂದು ಅಂಕ. ಒಂದೊಂದು ಬ್ಯಾಂಡಿನಲ್ಲೂ ಹೊಸ ದೇಶ, ಹೊಸ ವಲಯ ಸಿಕ್ಕಿದಾಗ ಒಟ್ಟು ಅಂಕವನ್ನು ಗುಣಿಸುವ ಸಂಖ್ಯೆ ಬೆಳೆಯುತ್ತದೆ. ಇದಕ್ಕೆ ಹ್ಯಾಮ್‌ಗಳು ‘ಮಲ್ಟಿಪ್ಲೈಯರ್’ ಎನ್ನುತ್ತಾರೆ. ಒಂದೇ ಸ್ಟೇಷನ್ನನ್ನು ಒಂದು ಬ್ಯಾಂಡಿನಲ್ಲಿ ಒಮ್ಮೆ ಮಾತ್ರ ಲೆಕ್ಕಕ್ಕೆ ಹಿಡಿಯಬಹುದು. ಬ್ಯಾಂಡ್ ಬದಲಾದರೆ ಅದೇ ಸ್ಟೇಷನ್ ಮತ್ತೆ ಹೊಸದು. ಹೀಗಾಗಿ ಬ್ಯಾಂಡಿನಿಂದ ಬ್ಯಾಂಡಿಗೆ ಜಿಗಿಯುವ ಆಸೆ ಈ ಆಟದ ರಚನೆಯಲ್ಲೇ ಇದೆ.

ಭಟ್ಕಳ ತಾಲೂಕಿನ ಮಾವಳ್ಳಿಯ ಕಡಲಂಚಿನಲ್ಲಿ ಒಂದು ತಂಡ ಸ್ಟೇಷನ್ ಹೂಡಿದೆ ಎಂದು ಇಟ್ಟುಕೊಂಡು ಈ ನಿಯಮವನ್ನು ನೋಡೋಣ. ಜಾಗದ ಆಯ್ಕೆಗೆ ಕಾರಣವಿದೆ. ಮುರ್ಡೇಶ್ವರದ 20 ಅಂತಸ್ತಿನ, 237 ಅಡಿ ಎತ್ತರದ ರಾಜಗೋಪುರದ ಮೇಲಿನಿಂದ ಪಶ್ಚಿಮಕ್ಕೆ ನೋಡಿದರೆ ನೇತ್ರಾಣಿ ದ್ವೀಪವೊಂದನ್ನು ಬಿಟ್ಟರೆ ಅರಬ್ಬೀ ಸಮುದ್ರಕ್ಕೆ ಅಡ್ಡ ಏನೂ ಇಲ್ಲ. ಉಪ್ಪುನೀರಿನ ವಿದ್ಯುತ್ ವಾಹಕತೆ ಸಾಧಾರಣ ಮಣ್ಣಿಗಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ನೀರಿನ ಅಂಚಿನಲ್ಲಿ ನೇರ ನಿಲ್ಲಿಸಿದ ಆಂಟೆನಾದ ತರಂಗಗಳು ಈ ನೀರಿನ ಮೇಲೆ ಹೆಚ್ಚು ನಷ್ಟವಿಲ್ಲದೆ ಪ್ರತಿಫಲಿಸಿ ದಿಗಂತಕ್ಕೆ ತೀರ ಹತ್ತಿರದ ಕೋನದಲ್ಲಿ ಹೊರಡುತ್ತವೆ. ದೂರದ ಖಂಡಗಳಿಗೆ ತಲುಪಲು ಬೇಕಾದದ್ದು ಈ ತಗ್ಗು ಕೋನವೇ. 14 ಮೆಗಾಹರ್ಟ್ಸ್‌ಗೆ ಐದು ಮೀಟರ್ ಉದ್ದದ ನೇರ ಕೊಳವೆ ಸಾಕು. 7 ಮೆಗಾಹರ್ಟ್ಸ್‌ಗೆ ಬೇಕಾದ 20 ಮೀಟರ್ ತಂತಿಯನ್ನು ಎರಡು ತೆಂಗಿನ ಮರಗಳ ನಡುವೆ ಕಟ್ಟಬಹುದು; ಕರಾವಳಿಯ ಹಿತ್ತಲುಗಳಲ್ಲಿ ಅದಕ್ಕೆ ಕೊರತೆಯಿಲ್ಲ.

ಸ್ಪರ್ಧೆ ಶುರುವಾಗುವುದು ಪ್ರಪಂಚದ ಸಮಯ, ಅಂದರೆ ಯುಟಿಸಿ, ಸೊನ್ನೆ ಗಂಟೆಗೆ. ನಮ್ಮಲ್ಲಿ ಆಗ ಶನಿವಾರ ಬೆಳಗಿನ ಐದೂವರೆ, ಇನ್ನೂ ಕತ್ತಲೆ. 7 ಮೆಗಾಹರ್ಟ್ಸ್ ಬ್ಯಾಂಡು ಯುರೋಪಿನ ದನಿಗಳಿಂದ ತುಂಬಿರುತ್ತದೆ. ಸೂರ್ಯ ಪಶ್ಚಿಮಘಟ್ಟದ ಮೇಲೇರುತ್ತಿದ್ದಂತೆ ವಾತಾವರಣದ ಕೆಳಗಿನ ಅಯಾನು ಪದರ, ಡಿ ಪದರ, ಬಲಗೊಂಡು ಈ ಕೆಳ ಬ್ಯಾಂಡಿನ ತರಂಗಗಳನ್ನು ನುಂಗತೊಡಗುತ್ತದೆ. ದೂರದ ಸ್ಟೇಷನ್ನುಗಳು ಒಂದೊಂದಾಗಿ ಸೋಲುತ್ತವೆ. ಅದೇ ಬೆಳಕು ಇನ್ನೂ ಮೇಲಿನ ಎಫ್ ಪದರವನ್ನು ದಟ್ಟಗೊಳಿಸುವುದರಿಂದ 14, ಆಮೇಲೆ 21, ಆಮೇಲೆ 28 ಮೆಗಾಹರ್ಟ್ಸ್ ತೆರೆಯುತ್ತವೆ. ಬೆಳಿಗ್ಗೆ ಜಪಾನ್, ಆಸ್ಟ್ರೇಲಿಯಾ. ಮಧ್ಯಾಹ್ನದ ನಂತರ ಯುರೋಪು. ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗಿದ ಮೇಲೆ ಕ್ರಮ ತಿರುಗುಮುರುಗು. ಸೂರ್ಯನ 11 ವರ್ಷಗಳ ಏರಿಳಿತದಲ್ಲಿ ಗರಿಷ್ಠ ಘಟ್ಟ ಬಂದಾಗ 28 ಮೆಗಾಹರ್ಟ್ಸ್ ದಿನವಿಡೀ ಜೀವಂತವಾಗಿರುತ್ತದೆ. ಅಂಥ ಘಟ್ಟ ತಲುಪಿದ್ದೇವೆಂದು ಅಮೆರಿಕದ ನಾಸಾ ಮತ್ತು ನೋವಾ ಸಂಸ್ಥೆಗಳು 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದವು.

ಅಂದರೆ ಬ್ಯಾಂಡ್ ಬದಲಿಸುವುದು ಚಪಲವಲ್ಲ, ಆಕಾಶವೇ ಹಾಕಿಕೊಟ್ಟ ವೇಳಾಪಟ್ಟಿ. ಆದರೆ ಆ ವೇಳಾಪಟ್ಟಿಗೆ ಗಂಟೆಗೊಂದು ಬದಲಾವಣೆಯೂ ಬೇಕಿಲ್ಲ. ಎಂಟರ ಮಿತಿ ಕಟ್ಟಿಹಾಕುವುದು ಬೇರೊಂದು ಬಗೆಯ ಜಿಗಿತವನ್ನು.

ಭಾರತ 22ನೆಯ ವಲಯದಲ್ಲಿದೆ. ಶ್ರೀಲಂಕಾ, ಮಾಲ್ಡೀವ್ಸ್, ನೇಪಾಳ, ಭೂತಾನ್, ಬಾಂಗ್ಲಾದೇಶ, ಲಕ್ಷದ್ವೀಪಗಳೂ ಇದರಲ್ಲೇ ಬರುತ್ತವೆ. ಯುರೋಪು, ಜಪಾನ್, ಅಮೆರಿಕಗಳಿಗೆ ಹೋಲಿಸಿದರೆ ಇಲ್ಲಿಂದ ಸ್ಪರ್ಧೆಯಲ್ಲಿ ದನಿ ಎತ್ತುವ ಹ್ಯಾಮ್‌ಗಳು ಕಡಿಮೆ. ಆದ್ದರಿಂದ ‘ವಿಯು’ ಎಂದು ಆರಂಭವಾಗುವ ಕಾಲ್‌ಸೈನ್ ಕೇಳಿದ ಕೂಡಲೇ ದೂರದವರ ಕಿವಿ ನಿಮಿರುತ್ತದೆ: ಒಂದೇ ಸಂಪರ್ಕದಲ್ಲಿ ಹೊಸ ದೇಶವೂ ಸಿಕ್ಕಿತು, ಹೊಸ ವಲಯವೂ ಸಿಕ್ಕಿತು. ಮಧ್ಯಾಹ್ನ ಮೂರು ಗಂಟೆಗೆ ಮಾವಳ್ಳಿಯ ತಂಡ 28 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಿರುವಾಗ ಇಟಲಿಯ ಸ್ಟೇಷನ್ನೊಂದು ಓಗೊಡುತ್ತದೆ ಎನ್ನಿ. ನಮ್ಮಿಂದ ‘ಫೈವ್ ನೈನ್, ಟು ಟು’. ಅತ್ತಲಿಂದ ‘ಫೈವ್ ನೈನ್, ಒನ್ ಫೈವ್’. ಮೊದಲ ಜೋಡಿ ದನಿಯ ಗುಣಮಟ್ಟ, ಎರಡನೆಯದು ವಲಯ. ಆರೇಳು ಸೆಕೆಂಡಿನ ಕೆಲಸ. ಅಷ್ಟರಲ್ಲಿ ಇಟಲಿಯವರು ಒಂದು ಮಾತು ಸೇರಿಸುತ್ತಾರೆ: 21ಕ್ಕೆ ಕ್ಯೂಎಸ್‌ವೈ ಮಾಡುತ್ತೀರಾ? ಅಂದರೆ ಇಬ್ಬರೂ 21 ಮೆಗಾಹರ್ಟ್ಸ್ ಬ್ಯಾಂಡಿನ ಒಂದು ಗೊತ್ತಾದ ಜಾಗಕ್ಕೆ ಹಾರಿ, ಅಲ್ಲೊಂದು ಸಂಪರ್ಕ ಮುಗಿಸಿ, ಮತ್ತೆ ಇಲ್ಲಿಗೆ ಬರುವುದು.

ಒಬ್ಬನೇ ಆಡುವ ವಿಭಾಗದವನಿಗೆ ಇದರಿಂದ ಅಡ್ಡಿಯಿಲ್ಲ. ಅವನು ಎಷ್ಟು ಸಲವಾದರೂ ಹಾರಬಹುದು. ತಂಡಕ್ಕೆ ಹಾಗಲ್ಲ. ಇದೇ ಬಳಗದ ‘ಡಬ್ಲ್ಯುಪಿಎಕ್ಸ್’ ಸ್ಪರ್ಧೆಯ ನಿಯಮಾವಳಿ ಒಂದು ಉದಾಹರಣೆ ಕೊಟ್ಟೇ ವಿಷಯ ಇತ್ಯರ್ಥ ಮಾಡಿದೆ. 20 ಮೀಟರ್ (14 ಮೆಗಾಹರ್ಟ್ಸ್) ಬ್ಯಾಂಡಿನಿಂದ 15 ಮೀಟರಿಗೆ (21 ಮೆಗಾಹರ್ಟ್ಸ್) ಹೋಗಿ, ಮತ್ತೆ 20 ಮೀಟರಿಗೆ ಬಂದರೆ ಎರಡು ಬದಲಾವಣೆ. ಹೋಗುವುದಕ್ಕೊಂದು, ಬರುವುದಕ್ಕೊಂದು. ಇಟಲಿಯವರಂಥ ನಾಲ್ವರಿಗೆ ಉಪಕಾರ ಮಾಡಿದರೆ ಆ ಟ್ರಾನ್ಸ್‌ಮಿಟರ್‌ನ ಗಂಟೆಯ ಪಾಲು ಮುಗಿಯಿತು. ಇಟಲಿಯನ್ನೂ 15ನೆಯ ವಲಯವನ್ನೂ 21 ಮೆಗಾಹರ್ಟ್ಸ್‌ನಲ್ಲಿ ಆಗಲೇ ಪಡೆದಾಗಿದ್ದರೆ ಮಾವಳ್ಳಿಯ ತಂಡಕ್ಕೆ ದಕ್ಕುವುದು ಮೂರೇ ಅಂಕ, ಖರ್ಚಾಗುವುದು ಎಂಟರಲ್ಲಿ ಎರಡು. ಅದರ ಬದಲು ಭೂತಾನಿನ ಸ್ಟೇಷನ್ನೊಂದು 14ರಲ್ಲಿ ಕೇಳುತ್ತಿದ್ದರೆ ಅಲ್ಲಿಗೆ ಹಾರುವುದೇ ಲಾಭ, ಅಂಕ ಒಂದೇ ಸಿಕ್ಕರೂ ಗುಣಕ ಬೆಳೆಯುತ್ತದೆ. ನಿಯಮ ಬಂದ ಮೇಲೆ ಜಿಗಿತಕ್ಕೆ ಬೆಲೆ ಬಂತು. ಬೆಲೆ ಬಂದ ಮೇಲೆ ಯೋಚನೆ ಬಂತು.

ಇಂಥ ಮಿತಿಯ ಹಿಂದಿನ ಚಿಂತೆಯನ್ನು ಊಹಿಸುವುದು ಕಷ್ಟವಲ್ಲ. ಒಂದು ಟ್ರಾನ್ಸ್‌ಮಿಟರ್, ಎರಡು ಟ್ರಾನ್ಸ್‌ಮಿಟರ್ ಎಂಬ ವಿಭಾಗಗಳು ಇರುವುದು ಸಾಧಾರಣ ಸ್ಟೇಷನ್ನುಗಳಿಗೂ ಆಟದಲ್ಲಿ ಜಾಗವಿರಲಿ ಎಂದು. ಅನುಕೂಲವಿದ್ದ ತಂಡವೊಂದು ಆರು ಬ್ಯಾಂಡಿಗೆ ಆರು ರಿಗ್ ಜೋಡಿಸಿ, ಆರು ಜನರನ್ನು ಕೂರಿಸಿ, ಏಕಕಾಲಕ್ಕೆ ಒಂದೇ ಸಿಗ್ನಲ್ ಹೊರಡುವಂತೆ ಎಲೆಕ್ಟ್ರಾನಿಕ್ ಬೀಗ ಹಾಕಿಕೊಂಡರೆ ಏನಾಗುತ್ತದೆ? ಯಾವ ಕ್ಷಣದಲ್ಲಿ ನೋಡಿದರೂ ಸಿಗ್ನಲ್ ಒಂದೇ. ಆದರೆ ಒಂದು ನಿಮಿಷದ ಲೆಕ್ಕದಲ್ಲಿ ಆರೂ ಬ್ಯಾಂಡುಗಳನ್ನು ಅದು ಆಕ್ರಮಿಸಿರುತ್ತದೆ. ಕಾಗದದ ಮೇಲೆ ಒಂದು ಟ್ರಾನ್ಸ್‌ಮಿಟರ್, ಆಕಾಶದಲ್ಲಿ ಆರು. ಈ ಅಂತರವನ್ನು ಮುಚ್ಚಲು ಸ್ಪರ್ಧೆಗಳು ಸಂಖ್ಯೆಯ ಮೊರೆಹೋದವು. ಸಿಕ್ಯೂ ವರ್ಲ್ಡ್ ವೈಡ್‌ನ ಎರಡು ಟ್ರಾನ್ಸ್‌ಮಿಟರ್ ವಿಭಾಗಕ್ಕೆ ಗಂಟೆಗೆ 8, ಡಬ್ಲ್ಯುಪಿಎಕ್ಸ್‌ನ ಒಂದು ಟ್ರಾನ್ಸ್‌ಮಿಟರ್ ವಿಭಾಗಕ್ಕೆ 10, ಅಮೆರಿಕದ ಎಆರ್‌ಆರ್‌ಎಲ್ ಸಂಸ್ಥೆಯ ಡಿಎಕ್ಸ್ ಸ್ಪರ್ಧೆಯಲ್ಲಿ 6.

ಈಗ ಗಂಟೆಯ ಪ್ರಶ್ನೆ. ನಿಯಮ ಹೇಳುವುದು ಯಾವುದೋ ಅರವತ್ತು ನಿಮಿಷಗಳನ್ನಲ್ಲ. ಗಡಿಯಾರದ ಗಂಟೆಯನ್ನು, ಅಂದರೆ ಸೊನ್ನೆಯಿಂದ 59ನೆಯ ನಿಮಿಷದವರೆಗಿನ ಅವಧಿಯನ್ನು. ಗಡಿಯಾರ ಯುಟಿಸಿಯದು. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆ ‘ಅರ್ಧ’ದಲ್ಲೇ ನಮ್ಮವರಿಗೆ ಹಳ್ಳವಿದೆ. ಯುಟಿಸಿಯ ಒಂಬತ್ತನೆಯ ಗಂಟೆ ನಮ್ಮ ಗೋಡೆ ಗಡಿಯಾರದಲ್ಲಿ ಮಧ್ಯಾಹ್ನ 2.30ಕ್ಕೆ ಶುರುವಾಗಿ 3.29ಕ್ಕೆ ಮುಗಿಯುತ್ತದೆ. ಎರಡೂವರೆಯಿಂದ ಮೂರರೊಳಗೆ ಐದು ಸಲ ಬ್ಯಾಂಡ್ ಬದಲಿಸಿದ ಆಪರೇಟರ್, ಮೂರು ಹೊಡೆದ ಕೂಡಲೇ ಹೊಸ ಪಾಲು ಬಂತೆಂದು ಇನ್ನೈದು ಸಲ ಬದಲಿಸಿದರೆ, ಯುಟಿಸಿಯ ಒಂದೇ ಗಂಟೆಯೊಳಗೆ ಹತ್ತಾಗಿ ನಿಯಮ ಮುರಿಯಿತು. ಲಂಡನ್ನಿನವರಿಗಾಗಲಿ ಟೋಕಿಯೊದವರಿಗಾಗಲಿ ಈ ತೊಂದರೆಯಿಲ್ಲ. ಅವರ ನಿಮಿಷದ ಮುಳ್ಳು ಯುಟಿಸಿಯ ಮುಳ್ಳಿನೊಂದಿಗೇ ತಿರುಗುತ್ತದೆ. ನಮಗಿಂತ ಕಷ್ಟ ನೇಪಾಳದವರದು, ಅವರ ಸಮಯ ಐದೂಮುಕ್ಕಾಲು ಗಂಟೆ ಮುಂದೆ. ಆದ್ದರಿಂದ ರಿಗ್ ಇರುವ ಕೋಣೆಯಲ್ಲಿ ಯುಟಿಸಿ ಗಡಿಯಾರ ಒಂದೇ ಇರುವುದು ಕ್ಷೇಮ.

ಇದೇ ನಿಯಮದ ಇನ್ನೊಂದು ಮುಖ: ನಮ್ಮ ಸಮಯ 3.20ರಿಂದ 3.29ರೊಳಗೆ ಎಂಟು ಸಲ, 3.30ರಿಂದ 3.39ರೊಳಗೆ ಮತ್ತೆ ಎಂಟು ಸಲ ಬ್ಯಾಂಡ್ ಬದಲಿಸಿದರೆ ಇಪ್ಪತ್ತು ನಿಮಿಷದಲ್ಲಿ ಹದಿನಾರು ಜಿಗಿತವಾಯಿತು. ಇದು ನಿಯಮದ ಆಶಯಕ್ಕೆ ವಿರುದ್ಧವಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ಹೆಚ್ಚು ಬಲವಿಲ್ಲ. ಎಲ್ಲರಿಗೂ ಕಾಣುವ, ಯಾರು ಬೇಕಾದರೂ ಎಣಿಸಬಹುದಾದ ಗಡಿಯನ್ನು ನಿಯಮವೇ ಆರಿಸಿಕೊಂಡಿದೆ. ಜಾರುವ ಅರವತ್ತು ನಿಮಿಷದ ಲೆಕ್ಕವಿಟ್ಟರೆ ನಿದ್ದೆಗೆಟ್ಟ ಆಪರೇಟರ್ ಪ್ರತಿ ಜಿಗಿತಕ್ಕೂ ಹಿಂದಿನ ಒಂದು ಗಂಟೆಯನ್ನು ನೆನಪಿಗೆ ತಂದುಕೊಳ್ಳಬೇಕಾಗುತ್ತದೆ.

ಎಣಿಕೆಯ ನಿಯಮಕ್ಕಿಂತ ಹಳೆಯದು ‘ಹತ್ತು ನಿಮಿಷದ ನಿಯಮ’. ಒಂದು ಬ್ಯಾಂಡಿಗೆ ಹೋದರೆ ಹತ್ತು ನಿಮಿಷ ಅಲ್ಲೇ ಇರಬೇಕು. ಜುಲೈಯಲ್ಲಿ, ಕರಾವಳಿಯಲ್ಲಿ ಮಳೆ ಹಿಡಿದಿರುವಾಗ, 24 ಗಂಟೆ ನಡೆಯುವ ಐಎಆರ್‌ಯು ಸ್ಪರ್ಧೆಯ ತಂಡದ ವಿಭಾಗ ಈ ನಿಯಮವನ್ನು ಬ್ಯಾಂಡಿಗೂ ಅನ್ವಯಿಸುತ್ತದೆ, ಮಾತೋ ಮೋರ್ಸೋ ಎಂಬ ಮೋಡ್‌ಗೂ ಅನ್ವಯಿಸುತ್ತದೆ. ಇದರ ಕಷ್ಟ ಅಳತೆಯಲ್ಲಿದೆ. ಸ್ಪರ್ಧೆಗೆ ಕಳುಹಿಸುವ ಲಾಗ್‌ನಲ್ಲಿ ಒಂದೊಂದು ಸಂಪರ್ಕಕ್ಕೂ ಒಂದು ಸಾಲು: ಫ್ರೀಕ್ವೆನ್ಸಿ, ಮೋಡ್, ತಾರೀಕು, ಸಮಯ, ನಮ್ಮ ಕಾಲ್‌ಸೈನ್, ನಾವು ಕೊಟ್ಟದ್ದು, ಅವರ ಕಾಲ್‌ಸೈನ್, ಅವರು ಕೊಟ್ಟದ್ದು. ಎರಡು ಟ್ರಾನ್ಸ್‌ಮಿಟರ್ ಇದ್ದರೆ ಕೊನೆಯಲ್ಲಿ ಸೊನ್ನೆ ಅಥವಾ ಒಂದು ಎಂಬ ಅಂಕಿ. ಸಮಯ ಇರುವುದು ನಿಮಿಷದ ಮಟ್ಟಿಗೆ ಮಾತ್ರ, ಸೆಕೆಂಡಿಲ್ಲ.

ಒಂದು ತಂಡದ ಮೊದಲ ಸಂಪರ್ಕ 10 ಗಂಟೆ 0 ನಿಮಿಷ 59 ಸೆಕೆಂಡಿಗೆ ಆಯಿತು, ಹೊಸ ಬ್ಯಾಂಡಿನ ಸಂಪರ್ಕ 10 ಗಂಟೆ 10 ನಿಮಿಷಕ್ಕೆ ಸರಿಯಾಗಿ ಆಯಿತು ಎನ್ನೋಣ. ನಿಜವಾಗಿ ಕಳೆದದ್ದು 9 ನಿಮಿಷ 1 ಸೆಕೆಂಡ್, ಲಾಗ್ ತೋರಿಸುವುದು ಹತ್ತು. ಇನ್ನೊಂದು ತಂಡ 10 ಗಂಟೆಗೆ ಸರಿಯಾಗಿ ಶುರುಮಾಡಿ 10 ಗಂಟೆ 9 ನಿಮಿಷ 59 ಸೆಕೆಂಡಿಗೆ ಬದಲಿಸಿತು. ಕಳೆದದ್ದು ಹತ್ತಕ್ಕೆ ಒಂದೇ ಸೆಕೆಂಡ್ ಕಡಿಮೆ, ಲಾಗ್ ತೋರಿಸುವುದು ಒಂಬತ್ತು. ಹೆಚ್ಚು ತಪ್ಪಿದವರು ಪಾರಾದರು, ಕೂದಲೆಳೆಯಲ್ಲಿ ತಪ್ಪಿದವರು ಸಿಕ್ಕಿಬಿದ್ದರು. ಅಳತೆಗೋಲಿನ ಗೆರೆಗಳು ಒರಟಾಗಿದ್ದರೆ ಅದರಿಂದ ಅಳೆಯುವ ನ್ಯಾಯವೂ ಒರಟಾಗುತ್ತದೆ. ಎಣಿಕೆಯ ನಿಯಮದಲ್ಲಿ ಇಂಥ ಇಕ್ಕಟ್ಟು ಗಂಟೆಯ ಅಂಚಿನಲ್ಲಿ ಮಾತ್ರ ಬರುತ್ತದೆ. 10.59ಕ್ಕೆ ಹಳೆಯ ಬ್ಯಾಂಡಿನ ಕೊನೆಯ ಸಂಪರ್ಕ, 11.00ಕ್ಕೆ ಹೊಸ ಬ್ಯಾಂಡಿನ ಮೊದಲ ಸಂಪರ್ಕ: ಬದಲಾವಣೆ ಯಾವ ಗಂಟೆಗೆ ಸೇರಬೇಕು? ಹೊಸ ಬ್ಯಾಂಡಿನಲ್ಲಿ ದನಿ ಹೊರಟ ಗಂಟೆಗೆ ಎಂಬುದೇ ಸಹಜವಾದ ಉತ್ತರ. ಡಯಲ್ ತಿರುಗಿಸಿದ ಕ್ಷಣಕ್ಕೆ ಸಾಕ್ಷಿಯಿಲ್ಲ, ಸಂಪರ್ಕಕ್ಕೆ ಇಬ್ಬರು ಸಾಕ್ಷಿಗಳಿದ್ದಾರೆ.

ಬರಿದೇ ಕೇಳುವುದರ ಬಗ್ಗೆಯೂ ಇದೇ ತರ್ಕ ಸಾಗುತ್ತದೆ. ರಿಸೀವರ್ ಯಾರ ಜಾಗವನ್ನೂ ಕಿತ್ತುಕೊಳ್ಳುವುದಿಲ್ಲ. ನಿಯಮ ಟ್ರಾನ್ಸ್‌ಮಿಟರ್ ಕುರಿತದ್ದು. ಆದರೆ ಕೂಗಿ ಉತ್ತರ ಸಿಗದೆ ಬಂದದ್ದು? ಆ ಕೂಗು ಲಾಗ್‌ನಲ್ಲಿ ಕಾಣಿಸದು. ಹಾಗೆಂದು ಅದು ನಡೆದೇ ಇಲ್ಲ ಎನ್ನಲಾಗದು. ಆ ಬ್ಯಾಂಡಿನಲ್ಲಿ ಅಷ್ಟು ಹೊತ್ತು ಜಾಗ ತಿಂದಿತು, ಬೇರೊಬ್ಬರ ದುರ್ಬಲ ದನಿಯ ಮೇಲೆ ಬಿದ್ದಿರಲೂ ಬಹುದು. ನಿಯಮ ಕಾಯಲು ಹೊರಟದ್ದು ಈ ಜಾಗವನ್ನೇ ಆದ್ದರಿಂದ, ಅದನ್ನೂ ಎಂಟರಲ್ಲಿ ಒಂದೆಂದು ಹಿಡಿಯುವುದು ಪ್ರಾಮಾಣಿಕ ಓದು.

ಬದಲಿಸಬೇಡಿ ಎನ್ನುವ ನಿಯಮಗಳ ಕತೆ ಇದು. ಬದಲಿಸಲೇಬೇಕು ಎನ್ನುವ ಸ್ಪರ್ಧೆಯೂ ಇದೆ, ಈ ಕ್ಷೇತ್ರದ ಅತ್ಯಂತ ಸುಂದರ ನಿಯಮ ಅಲ್ಲಿರುವುದು. ಅಮೆರಿಕದ ‘ನ್ಯಾಷನಲ್ ಕಾಂಟೆಸ್ಟ್ ಜರ್ನಲ್’ ನಡೆಸುವ ‘ನಾರ್ತ್ ಅಮೆರಿಕನ್ ಸ್ಪ್ರಿಂಟ್’ ನಾಲ್ಕೇ ಗಂಟೆಯ ಆಟ. ಅದರಲ್ಲಿ ಸಿಕ್ಯೂ ಎಂದು ಕೂಗಿ ಕರೆದವನು ಆ ಕರೆಗೆ ಒಬ್ಬರನ್ನು ಮಾತ್ರ ಸಂಪರ್ಕಿಸಬಹುದು. ಆಮೇಲೆ ಅವನು ಜಾಗ ಬಿಡಬೇಕು: ಇನ್ನೊಬ್ಬರ ಕರೆಗೆ ಓಗೊಡಬೇಕಿದ್ದರೆ ಕನಿಷ್ಠ 1 ಕಿಲೋಹರ್ಟ್ಸ್ ಆಚೆ, ತಾನೇ ಮತ್ತೆ ಕೂಗಿ ಕರೆಯಬೇಕಿದ್ದರೆ ಕನಿಷ್ಠ 5 ಕಿಲೋಹರ್ಟ್ಸ್ ಆಚೆ.

ಇದು ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ‘ಕ’ ಸ್ಟೇಷನ್ ಕರೆಯುತ್ತದೆ, ‘ಖ’ ಓಗೊಡುತ್ತದೆ. ವಿವರ ಬದಲಾದ ಮೇಲೆ ‘ಕ’ ಎದ್ದು ಹೋಗಬೇಕು. ಬಿಟ್ಟುಹೋದ ಜಾಗ ‘ಖ’ನ ಪಾಲಿಗೆ ಬರುತ್ತದೆ. ತನ್ನ ಸರದಿ ಬಂದಿದೆ ಎಂದು ಸುತ್ತಲಿನವರಿಗೆ ತಿಳಿಯಲೆಂದು ‘ಖ’ ತನ್ನ ಸಂದೇಶದ ತುದಿಯಲ್ಲಿ ಕಾಲ್‌ಸೈನ್ ಇಟ್ಟು ಮುಗಿಸುತ್ತದೆ. ಕಾದಿದ್ದ ‘ಗ’ ತಕ್ಷಣ ‘ಖ’ನನ್ನು ಕರೆಯುತ್ತದೆ. ಆ ಸಂಪರ್ಕ ಮುಗಿದ ಮೇಲೆ ‘ಖ’ ಹೊರಡಬೇಕು, ಜಾಗ ‘ಗ’ನದು. ಒಂದು ಜಾಗದಲ್ಲಿ ಒಬ್ಬರಿಗೆ ಸಾಮಾನ್ಯವಾಗಿ ಎರಡೇ ಸಂಪರ್ಕ, ಒಂದು ಹುಡುಕಿ ಪಡೆದದ್ದು, ಒಂದು ಬಂದು ಸೇರಿದ್ದು. ಎಷ್ಟೇ ದೊಡ್ಡ ಆಂಟೆನಾ ಇದ್ದವನೂ ಒಂದೆಡೆ ಬೇರೂರಲಾರ.

ನಿಯಮ ಬರೆದವರು ನುಣುಚಿಕೊಳ್ಳುವ ದಾರಿಗಳನ್ನೂ ಯೋಚಿಸಿದ್ದಾರೆ. ಸಿಕ್ಯೂ ಅನ್ನದೆ ಬರೀ ‘ಕ್ಯೂಆರ್‌ಝಡ್’ ಅಂದರೂ ಅದು ಕರೆಯೇ. ‘ಐದು ಕಿಲೋಹರ್ಟ್ಸ್ ಮೇಲೆ ಹೋಗುತ್ತಿದ್ದೇನೆ’ ಎಂದು ಸಾರುವುದೂ ಕರೆಯೇ, ಕೇಳಿದವರು ಅಲ್ಲಿಗೆ ಬರಲಿ ಎಂಬುದೇ ಅದರ ಉದ್ದೇಶವಾದ್ದರಿಂದ. ಆದರೂ ಒಂದು ಒಗಟು ಉಳಿಯುತ್ತದೆ. ‘ಖ’ ತನ್ನ ಜಾಗ ಬಿಟ್ಟು 2 ಕಿಲೋಹರ್ಟ್ಸ್ ಆಚೆ ಹೋಗಿ ‘ಘ’ನ ಕರೆಗೆ ಓಗೊಟ್ಟಿತು. ‘ಘ’ ಹೊರಟಿತು, ಜಾಗ ‘ಖ’ನಿಗೆ ಬಂತು. ಹಿಂದೆ ಕರೆದ ಜಾಗದಿಂದ ಇದು ಐದಲ್ಲ, ಎರಡೇ ಕಿಲೋಹರ್ಟ್ಸ್ ದೂರ. ಇಲ್ಲಿ ‘ಖ’ ಹೊಸಬರನ್ನು ಕರೆಯಬಹುದೇ?

ನಿಯಮ ಎರಡು ದಾರಿಗಳನ್ನು ‘ಅಥವಾ’ ಎಂದು ಜೋಡಿಸಿದೆ. ‘ಖ’ ಮೊದಲನೆಯ ದಾರಿ ಹಿಡಿದು 1 ಕಿಲೋಹರ್ಟ್ಸ್‌ಗಿಂತ ಆಚೆ ಹೋಗಿ ಒಂದು ಸಂಪರ್ಕ ಮಾಡಿತು. ಹಳೆಯ ಋಣ ಅಲ್ಲಿಗೆ ತೀರಿತು. ಈಗ ಬಂದಿರುವ ಜಾಗ ‘ಘ’ ಬಿಟ್ಟುಕೊಟ್ಟದ್ದು. ಆದ್ದರಿಂದ ಕರೆಯಬಹುದು. ಐದು ಕಿಲೋಹರ್ಟ್ಸ್ ನಿಯಮ ತಡೆಯುವುದು ಪಕ್ಕಕ್ಕೆ ಒಂದು ಹೆಜ್ಜೆ ಸರಿದು, ಅಲ್ಲೇ ನಿಂತು ಮತ್ತೆ ಕೂಗುವವನನ್ನು. ಈ ಓದಿಗೆ ನಿಯಮದೊಳಗೇ ಇನ್ನೊಂದು ಆಧಾರವಿದೆ. ಕನಿಷ್ಠ 1 ಕಿಲೋಹರ್ಟ್ಸ್ ಆಚೆ ಒಂದು ಸಂಪರ್ಕ ಆದ ಮೇಲೆ ಹಳೆಯ ಫ್ರೀಕ್ವೆನ್ಸಿಗೇ ಮರಳಲೂ ಅವಕಾಶವಿದೆ.

1 ಕಿಲೋಹರ್ಟ್ಸ್ ಅಂದರೆ ಎಷ್ಟು ದೂರ? ಮೋರ್ಸ್ ಸಿಗ್ನಲ್‌ನ ಅಗಲ ಕೆಲವು ನೂರು ಹರ್ಟ್ಸ್ ದಾಟದು, ಆದ್ದರಿಂದ 1 ಕಿಲೋಹರ್ಟ್ಸ್ ಸರಿದರೆ ಜಾಗ ಪೂರ್ತಿ ಖಾಲಿಯಾದಂತೆ. ಮಾತಿನಲ್ಲಿ ಹಾಗಾಗುವುದಿಲ್ಲ. 7 ಮೆಗಾಹರ್ಟ್ಸ್‌ನಲ್ಲಿ ಹ್ಯಾಮ್‌ಗಳು ಕೆಳಬದಿಯ ಪಟ್ಟಿಯಲ್ಲಿ, ಲೋಯರ್ ಸೈಡ್‌ಬ್ಯಾಂಡ್‌ನಲ್ಲಿ, ಮಾತಾಡುತ್ತಾರೆ. ಡಯಲ್ 7100 ಕಿಲೋಹರ್ಟ್ಸ್ ತೋರಿಸುವಾಗ ದನಿ ನಿಜವಾಗಿ ಇರುವುದು ಸುಮಾರು 7097.3ರಿಂದ 7099.7ರವರೆಗೆ. ಡಯಲ್ಲನ್ನು 1 ಕಿಲೋಹರ್ಟ್ಸ್ ಇಳಿಸಿದರೂ ಹಳೆಯ ಮತ್ತು ಹೊಸ ಜಾಗಗಳ ಅರ್ಧಕ್ಕಿಂತ ಹೆಚ್ಚು ಭಾಗ ಒಂದರ ಮೇಲೊಂದು ಬಿದ್ದಿರುತ್ತದೆ. ಬ್ಯಾಂಡಿನ ಅಂಚಿನಲ್ಲಿ ಈ ಡಯಲ್ ಇನ್ನೂ ಅಪಾಯಕಾರಿ. 14 ಮೆಗಾಹರ್ಟ್ಸ್‌ನಲ್ಲಿ ಮೇಲ್ಬದಿಯ ಪಟ್ಟಿ ಬಳಕೆಯಲ್ಲಿದೆ. ಬ್ಯಾಂಡ್ 14,350ಕ್ಕೆ ಮುಗಿಯುತ್ತದೆ. ಡಯಲ್ 14,349 ತೋರಿಸುತ್ತಿದ್ದರೆ ಅಂಕಿ ಒಳಗಿದ್ದರೂ ದನಿಯ ಹೆಚ್ಚಿನ ಪಾಲು ಗಡಿ ದಾಟಿರುತ್ತದೆ. ಅಂಥ ಸಂಪರ್ಕ ಸ್ಪರ್ಧೆಯ ತಪ್ಪಷ್ಟೇ ಅಲ್ಲ, ಲೈಸೆನ್ಸಿನ ತಪ್ಪು. ಸ್ಪರ್ಧೆಯ ಯಾವ ಸಾಲೂ ದೇಶದ ಕಾನೂನಿಗಿಂತ ಮೇಲಲ್ಲ.

7 ಮೆಗಾಹರ್ಟ್ಸ್ ಬ್ಯಾಂಡನ್ನೇ ತೆಗೆದುಕೊಂಡರೆ ಇಷ್ಟೆಲ್ಲ ನಿಯಮ ಯಾಕೆಂಬುದು ಅರಿವಾಗುತ್ತದೆ. 7.1ರಿಂದ 7.2 ಮೆಗಾಹರ್ಟ್ಸ್‌ವರೆಗಿನ ಭಾಗದಲ್ಲಿ ಹಿಂದೆ ಶಾರ್ಟ್‌ವೇವ್ ಪ್ರಸಾರ ಕೇಂದ್ರಗಳು ಅಬ್ಬರಿಸುತ್ತಿದ್ದವು. ಅಂತರರಾಷ್ಟ್ರೀಯ ಒಪ್ಪಂದದಂತೆ ಅವು ಅಲ್ಲಿಂದ ತೆರವಾದದ್ದು 2009ರ ಮಾರ್ಚ್ 29ರಂದು. ಈಗ ಭಾರತದ ಹ್ಯಾಮ್‌ಗಳಿಗೆ 7.0ರಿಂದ 7.2ರವರೆಗೆ 200 ಕಿಲೋಹರ್ಟ್ಸ್ ಇದೆ. ಒಂದು ಮಾತಿನ ಸಿಗ್ನಲ್‌ಗೆ 3 ಕಿಲೋಹರ್ಟ್ಸ್ ಹಿಡಿದರೆ ಇಡೀ ಬ್ಯಾಂಡಿನಲ್ಲಿ 66 ಜನರಿಗೆ ಒತ್ತೊತ್ತಾಗಿ ಜಾಗವಾದೀತು, ಅದರಲ್ಲೂ ಕೆಳಗಿನ ತುದಿ ಮೋರ್ಸ್‌ನವರಿಗೆ ಮೀಸಲು. ಸ್ಪರ್ಧೆಯ ರಾತ್ರಿ ಸಾವಿರಾರು ಜನ ಅಲ್ಲಿರುತ್ತಾರೆ. ಅದಕ್ಕೇ ಒಬ್ಬನೇ ವ್ಯಕ್ತಿ ಅಥವಾ ತಂಡ ಒಂದೇ ಬ್ಯಾಂಡಿನ ಎರಡು ಕಡೆ ಸರದಿಯಂತೆ ಕೂಗಿ ಎರಡೂ ಜಾಗಗಳನ್ನು ಕಾದಿರಿಸಿಕೊಳ್ಳುವುದನ್ನು ಸಿಕ್ಯೂ ವರ್ಲ್ಡ್ ವೈಡ್ ಸ್ಪಷ್ಟವಾಗಿ ನಿಷೇಧಿಸಿದೆ. ಕೂಗುವ ಮೊದಲು ‘ಈ ಫ್ರೀಕ್ವೆನ್ಸಿಯಲ್ಲಿ ಯಾರಾದರೂ ಇದ್ದೀರಾ’ ಎಂದು ಕೇಳುವುದು ನಿಯಮಕ್ಕಿಂತ ಹಳೆಯ ಮರ್ಯಾದೆ.

ಈ ಮರ್ಯಾದೆ ಕರಾವಳಿಯವರಿಗೆ ಹೊಸದೇನಲ್ಲ. ಹೊನ್ನಾವರ, ಕುಮಟಾ, ಭಟ್ಕಳದ ಬಂದರುಗಳಿಂದ ಹೊರಡುವ ಬೋಟುಗಳಲ್ಲಿ ವಿಎಚ್‌ಎಫ್ ಸೆಟ್ ಇದ್ದರೆ ಅದಕ್ಕೂ ಇಂಥದ್ದೇ ಕಟ್ಟಳೆಯಿದೆ. ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್, ಅಪಾಯದ ಕೂಗಿಗೂ ಮೊದಲ ಕರೆಗೂ ಮೀಸಲು. ಅಲ್ಲಿ ಕರೆದು, ಉತ್ತರ ಬಂದ ಕೂಡಲೇ ಬೇರೆ ಚಾನೆಲ್ಲಿಗೆ ಸರಿದು ಮಾತು ಮುಂದುವರಿಸಬೇಕು. ಸ್ಪ್ರಿಂಟ್‌ನ ನಿಯಮ ಆಟದಲ್ಲಿ ಕಲಿಸುವುದನ್ನು ಕಡಲಿನ ನಿಯಮ ಜೀವ ಉಳಿಸಲು ವಿಧಿಸುತ್ತದೆ. ಪ್ರವಾಹ, ಚಂಡಮಾರುತಗಳ ಹೊತ್ತಿನಲ್ಲಿ ಹ್ಯಾಮ್‌ಗಳು ನಡೆಸುವ ‘ನೆಟ್’ ಎಂಬ ಸಾಮೂಹಿಕ ಸಂಪರ್ಕದಲ್ಲೂ ಇಬ್ಬರು ದೀರ್ಘವಾಗಿ ಮಾತಾಡಬೇಕಾದರೆ ನಿಯಂತ್ರಣ ಸ್ಟೇಷನ್ ಅವರನ್ನು ಬೇರೆ ಫ್ರೀಕ್ವೆನ್ಸಿಗೆ ಕಳುಹಿಸುತ್ತದೆ. ಕರ್ನಾಟಕದ ಕ್ಲಬ್ಬುಗಳು 7 ಮೆಗಾಹರ್ಟ್ಸ್‌ನಲ್ಲಿ ಒಂದೆರಡು ಗಂಟೆಯ ಕನ್ನಡ ಸ್ಪ್ರಿಂಟ್ ನಡೆಸಿದರೆ, ಕರೆದು, ಮುಗಿಸಿ, ಜಾಗ ಬಿಟ್ಟು ಸರಿಯುವ ಅಭ್ಯಾಸ ಆಟವಾಡುತ್ತಲೇ ಮೈಗೂಡೀತು. ಆದರೆ ಮಾತಿನ ಸ್ಪರ್ಧೆಯಾದ್ದರಿಂದ 1 ಕಿಲೋಹರ್ಟ್ಸ್ ಬದಲು 3 ಎಂದು ಬರೆದುಕೊಳ್ಳಬೇಕು.

ಪಾಲನೆಯನ್ನು ಪರೀಕ್ಷಿಸುವುದು ಹೇಗೆ? ಮೊದಲ ಜರಡಿ ಲಾಗ್. ಸಾವಿರಾರು ಲಾಗ್‌ಗಳನ್ನು ಕಂಪ್ಯೂಟರ್ ಒಂದರೊಡನೊಂದು ತಾಳೆ ನೋಡುತ್ತದೆ. ಮಾವಳ್ಳಿಯ ಲಾಗ್‌ನಲ್ಲಿ 09.31ಕ್ಕೆ ಇಟಲಿ ಎಂದಿದ್ದರೆ ಇಟಲಿಯ ಲಾಗ್‌ನಲ್ಲೂ ಅದೇ ಹೊತ್ತಿಗೆ ಮಾವಳ್ಳಿ ಇರಬೇಕು. ಒಂದೊಂದು ಟ್ರಾನ್ಸ್‌ಮಿಟರ್ ಎಷ್ಟು ಸಲ ಬ್ಯಾಂಡ್ ಬದಲಿಸಿತೆಂದು ಸಾಲಿನ ತುದಿಯ ಸೊನ್ನೆ, ಒಂದು ಅಂಕಿಗಳೇ ಹೇಳುತ್ತವೆ. ಎರಡನೆಯ ಜರಡಿ ಧ್ವನಿಮುದ್ರಣ. ಸಾಫ್ಟ್‌ವೇರ್ ರೇಡಿಯೊ ಬಂದ ಮೇಲೆ ಇಡೀ ಬ್ಯಾಂಡನ್ನು 48 ಗಂಟೆಯೂ ಮುದ್ರಿಸಿಟ್ಟುಕೊಂಡು, ಬೇಕಾದ ನಿಮಿಷಕ್ಕೆ ಬೇಕಾದ ಫ್ರೀಕ್ವೆನ್ಸಿಗೆ ಹಿಂದಿರುಗಿ ಕೇಳಬಹುದಾಗಿದೆ. ಲಾಗ್‌ನಲ್ಲಿ ಕಾಣದ ಕೂಗು ಇದರಲ್ಲಿ ಕೇಳುತ್ತದೆ.

ಗಂಭೀರ ಅಪರಾಧವೆಂದು ಎಣಿಸುವುದು ಒಂಬತ್ತನೆಯ ಜಿಗಿತಕ್ಕಿಂತ ಅದನ್ನು ಮುಚ್ಚಿಡುವ ಕೆಲಸವನ್ನು. 09.58ರ ಸಂಪರ್ಕವನ್ನು ಲಾಗ್‌ನಲ್ಲಿ 10.00 ಎಂದು ತಿದ್ದಿದರೆ ಒಂಬತ್ತನೆಯದು ಮುಂದಿನ ಗಂಟೆಯ ಮೊದಲನೆಯದಾಗುತ್ತದೆ. ರಬ್ಬರಿನಂತೆ ಗಡಿಯಾರವನ್ನು ಎಳೆಯುವ ಇದಕ್ಕೆ ಸ್ಪರ್ಧಾಲೋಕದಲ್ಲಿ ‘ರಬ್ಬರ್ ಕ್ಲಾಕಿಂಗ್’ ಎಂದೇ ಹೆಸರು. ಬ್ಯಾಂಡ್ ಬದಲಾವಣೆಯ ನಿಯಮಕ್ಕೆ ಹೊಂದುವಂತೆ ಸಮಯ ತಿದ್ದುವುದನ್ನು ನಿಯಮಾವಳಿ ಕ್ರೀಡಾಧರ್ಮಕ್ಕೆ ವಿರುದ್ಧವೆಂದು ಹೇಳಿದೆ. ಒಂದೆರಡು ನಿಮಿಷದ ತಿದ್ದುಪಡಿ ಯಾರ ಕಣ್ಣಿಗೆ ಬೀಳುತ್ತದೆ ಎನ್ನುವಂತಿಲ್ಲ. ಎದುರಿನವನ ಲಾಗ್‌ನಲ್ಲಿ ನಿಜವಾದ ಸಮಯವಿದೆ. ಹೀಗೆ ತಿದ್ದಿದ ನಾಲ್ಕಾರು ಸಾಲುಗಳು ಪ್ರತಿ ಸಲವೂ ಗಂಟೆಯ ಅಂಚಿನಲ್ಲೇ, ಒಂದೇ ದಿಕ್ಕಿಗೆ ಜಾರಿದ್ದರೆ ಅದು ಗಡಿಯಾರದ ದೋಷವಲ್ಲವೆಂದು ಕಂಪ್ಯೂಟರಿಗೂ ತಿಳಿಯುತ್ತದೆ. ಗಡಿಯಾರ ನಿಜವಾಗಿ ತಪ್ಪಿದ್ದರೆ ಎಲ್ಲ ಸಾಲುಗಳೂ ಒಂದೇ ಅಳತೆಯಲ್ಲಿ ತಪ್ಪಿರುತ್ತವೆ.

ಮಾವಳ್ಳಿಯಲ್ಲಿ ಸ್ಪರ್ಧೆ ಮುಗಿಯುವುದು ಸೋಮವಾರ ಬೆಳಿಗ್ಗೆ 5.29ಕ್ಕೆ. ಲಾಗ್ ಕಳುಹಿಸಲು ಐದು ದಿನಗಳ ಗಡುವು, ಅಂದರೆ ಮುಂದಿನ ಶನಿವಾರ ಬೆಳಗಿನ ಅದೇ ಹೊತ್ತಿನವರೆಗೆ. ಗಂಟೆಯೊಂದರಲ್ಲಿ ಒಂಬತ್ತು ಜಿಗಿತವಾಗಿದೆ ಎಂದು ಲಾಗ್ ಸಾಫ್ಟ್‌ವೇರ್ ಕೆಂಪಕ್ಷರದಲ್ಲಿ ತೋರಿಸಿದರೂ ಆ ಸಾಲನ್ನು ಇದ್ದಂತೆಯೇ ಬಿಟ್ಟು ಕಳುಹಿಸಬೇಕು. ಅಳಿಸಿದರೆ ಏನೂ ತಪ್ಪು ಮಾಡದ ಇಟಲಿಯವರು ಮಾವಳ್ಳಿಯನ್ನೂ 22ನೆಯ ವಲಯವನ್ನೂ ಕಳೆದುಕೊಳ್ಳುವ ಸ್ಥಿತಿಗೆ ಬರುತ್ತಾರೆ.